ಗುದ್ದಿ ಪರಾರಿಯಾದ ವಾಹನ: ಠಾಣೆ, ವಿಮೆ, ಪರಿಹಾರದ ಕೆಲಸ ಮಾಡಿಸಿಕೊಳ್ಳುವ ಬಗೆ

ಗುದ್ದಿದ ವಾಹನ ನಿಲ್ಲದೆ ಹೋಯಿತು ಎಂದಾದರೆ ಮುಂದಿನ ಲೆಕ್ಕವೆಲ್ಲ ಅದರ ನಂಬರ್ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಸಿಕ್ಕಿದರೆ ಆ ವಾಹನದ ವಿಮಾ ಕಂಪನಿಯಿಂದ ಗಾಯ, ದುಡಿಮೆಯ ನಷ್ಟ, ಆಸ್ಪತ್ರೆ ಖರ್ಚು, ಕಾರಿನ ಜಖಂ ಎಲ್ಲಕ್ಕೂ ಪರಿಹಾರ ಕೇಳಬಹುದು. ಸಿಗದಿದ್ದರೆ ಸರ್ಕಾರದ ನಿಗದಿತ ಮೊತ್ತ ಮಾತ್ರ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಕಾರಿಗೆ ಅದರಿಂದ ಒಂದು ಪೈಸೆಯೂ ಇಲ್ಲ. ಆದ್ದರಿಂದ ಮೊದಲ ಎರಡು ದಿನ ನಂಬರಿನ ಬೆನ್ನು ಹತ್ತಬೇಕು. ವಿಮಾ ಕಂಪನಿಗೆ ತಿಳಿಸುವುದು ಹತ್ತು ನಿಮಿಷದ ಕೆಲಸ, ಅದನ್ನು ಅದೇ ದಿನ ಮುಗಿಸಿಬಿಡಿ.

ರಸ್ತೆಯಲ್ಲಿ ಇರುವಾಗಲೇ

ಓಡಿದ ವಾಹನದ ಹಿಂದೆ ಹೋಗಬೇಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಹೊತ್ತು ಎರಡನೇ ವಾಹನ ಬಂದು ಗುದ್ದುವುದೇ ಹೆಚ್ಚಿನ ಅಪಾಯ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನವನ್ನು ಕಾರಿನಿಂದ ಸಾಕಷ್ಟು ಹಿಂದೆ ಇಟ್ಟು, ಜನರನ್ನು ಡಾಮರಿನಿಂದ ಆಚೆ ನಿಲ್ಲಿಸಿ. 112ಕ್ಕೆ ಕರೆ ಮಾಡಿ, ಗಾಯವಿದ್ದರೆ 108, ಹೆದ್ದಾರಿಯಾದರೆ 1033ಕ್ಕೂ. 112ಕ್ಕೆ ಹೋದ ಕರೆಯ ಹೊತ್ತು ದಾಖಲಾಗುತ್ತದೆ. 'ಅಪಘಾತ ನಿಜವಾಗಿ ಆ ಹೊತ್ತಿಗೇ ಆಯಿತೇ' ಎಂದು ಮುಂದೆ ಯಾರಾದರೂ ಕೇಳಿದಾಗ ಅದು ಉಪಯೋಗಕ್ಕೆ ಬರುತ್ತದೆ. ಮೊಬೈಲಿನ ಕಾಲ್ ಲಾಗ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ನೆನಪು ಬೇಗ ಮಸುಕಾಗುತ್ತದೆ. ಕಂಡದ್ದನ್ನು ಅಲ್ಲೇ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ: ಬಣ್ಣ, ಆಕಾರ, ಯಾವ ಕಡೆ ಹೋಯಿತು, ಹಿಂದೆ ಏನು ಬರೆದಿತ್ತು. ನಂಬರ್ ಪೂರ್ತಿ ಕಾಣದಿದ್ದರೂ ಕೆಎ 19, ಕೆಎ 20, ಕೆಎಲ್ 14 ಇವುಗಳಲ್ಲಿ ಯಾವುದು ಎಂದು ಗೊತ್ತಿದ್ದರೆ ಹುಡುಕುವ ವ್ಯಾಪ್ತಿ ಒಮ್ಮೆಲೇ ಕಿರಿದಾಗುತ್ತದೆ. ಬಸ್ಸಾದರೆ ನಂಬರಿಗಿಂತ ಹೆಸರು ನೋಡಿ. ನಮ್ಮ ಮಂಗಳೂರು-ಉಡುಪಿ ಕಡೆ ಸರ್ವಿಸ್ ಬಸ್ಸಿನ ಹೆಸರೂ ಹೊತ್ತೂ ಹೇಳಿದರೆ ಯಾವ ಬಸ್ಸು ಎಂದು ಸ್ಟ್ಯಾಂಡಿನಲ್ಲೇ ಗೊತ್ತಾಗುತ್ತದೆ. ಮೀನಿನ ಗಾಡಿಯಾದರೆ ನೀರು ಸೋರುತ್ತಿತ್ತೇ, ಪೆಟ್ಟಿಗೆಯಂಥ ಮುಚ್ಚಿದ ಬಾಡಿಯೇ, ತೆರೆದ ಪಿಕಪ್ಪೇ ಎಂಬುದನ್ನೂ ಹೇಳಿಡಿ.

ಕಾರು ಸರಿಸುವ ಮೊದಲು ಫೋಟೋ: ನಾಲ್ಕೂ ಬದಿ, ರಸ್ತೆಯ ಎರಡೂ ದಿಕ್ಕು, ಬ್ರೇಕ್ ಗುರುತು, ಹತ್ತಿರದ ಬೋರ್ಡು ಅಥವಾ ಕಿಲೋಮೀಟರ್ ಕಲ್ಲು. ಜಖಂ ಆದ ಜಾಗಕ್ಕೆ ಟೇಪು ಹಿಡಿದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಕಾಣುವ ಹಾಗೆ ಒಂದು ಫೋಟೋ ಬೇಕು. ಗುದ್ದಿದ್ದು ಕಾರಿನ ಬಂಪರೋ ಲಾರಿಯ ಮೂಲೆಯೋ ಎಂಬುದನ್ನು ಆ ಎತ್ತರವೇ ಹೇಳುತ್ತದೆ. ಬಿದ್ದ ಲೈಟಿನ ಚೂರು, ಕನ್ನಡಿಯ ಕವರು, ಪ್ಲಾಸ್ಟಿಕ್ ತುಂಡುಗಳನ್ನು ಬಿದ್ದಲ್ಲೇ ಫೋಟೋ ತೆಗೆಯಿರಿ. ಪೊಲೀಸರು ಬರುವ ತನಕ ಉಳಿಯುವ ಜಾಗವಾದರೆ ಮುಟ್ಟಬೇಡಿ. ಟ್ರಾಫಿಕ್ಕಿಗೆ ಸಿಕ್ಕಿ ಪುಡಿಯಾಗುವ ಹಾಗಿದ್ದರೆ ಕಾಗದದಲ್ಲಿ ಸುತ್ತಿ ಇಟ್ಟು, ಮಹಜರಿನ ಹೊತ್ತಿಗೆ ಒಪ್ಪಿಸಿ. ಲೈಟು ಮತ್ತು ಬಂಪರಿನ ಒಳಮೈಯಲ್ಲಿ ತಯಾರಕರ ಗುರುತು, ಪಾರ್ಟ್ ನಂಬರ್ ಅಚ್ಚಾಗಿರುವುದು ಸಾಮಾನ್ಯ. ಅದರಿಂದ ಯಾವ ಮಾಡೆಲ್ ಎಂದು ಹೇಳಬಹುದು. ನಿಮ್ಮ ಕಾರಿಗೆ ಬೇರೆ ಬಣ್ಣ ಮೆತ್ತಿದ್ದರೆ ಒರೆಸಬೇಡಿ, ತೊಳೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕುರುಹುಗಳೆಲ್ಲ ಒಂದು ಮಳೆಗೆ ಹೋಗುತ್ತವೆ, ಆಗ ಫೋಟೋ ಒಂದೇ ಗತಿ.

ಬಾನೆಟ್ ಒಳಗೆ ಪೆಟ್ಟು ಬಿದ್ದು ಕೂಲೆಂಟ್ ಅಥವಾ ಆಯಿಲ್ ಸೋರುತ್ತಿದ್ದರೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ಒಡೆದದ್ದು ಅಪಘಾತದ ನಷ್ಟ. ಒಡೆದ ರೇಡಿಯೇಟರಿನಲ್ಲಿ ಮನೆಗೆ ಓಡಿಸಿ ಇಂಜಿನ್ ಸೀಜ್ ಆದದ್ದು ನಿಮ್ಮ ನಿರ್ಲಕ್ಷ್ಯ ಎಂದು ವಿಮೆಗಾಗಿ ನಷ್ಟ ಅಂದಾಜು ಮಾಡುವ ಸರ್ವೇಯರ್ ಬರೆಯುತ್ತಾರೆ. ಟೋಯಿಂಗ್ ಮಾಡಿಸಿ ರಸೀದಿ ಇಟ್ಟುಕೊಳ್ಳಿ.

ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಮೊದಲ ಸಾಲು

ಮಂಗಳೂರಿನ ವೆನ್ಲಾಕ್ ಆಗಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಾಗಲಿ, ಖಾಸಗಿಯಾಗಲಿ, ಕ್ಯಾಶುವಾಲ್ಟಿಯಲ್ಲಿ 'ಏನಾಯಿತು' ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಪರಿಹಾರದ ಕೇಸುಗಳು ಕೆಡುವುದು ಹೆಚ್ಚಾಗಿ ಈ ಸಾಲಿನಲ್ಲಿ. ಗಡಿಬಿಡಿಯಲ್ಲಿ ಯಾರೋ 'ಬೈಕಿನಿಂದ ಬಿದ್ದರು' ಎನ್ನುತ್ತಾರೆ, ಡ್ಯೂಟಿ ಡಾಕ್ಟರು 'ಸೆಲ್ಫ್ ಫಾಲ್' ಅಥವಾ 'ಸ್ಕಿಡ್' ಎಂದು ಬರೆಯುತ್ತಾರೆ. ಆಮೇಲೆ ವಿಮಾ ಕಂಪನಿಯ ವಕೀಲರು ಅದೇ ಚೀಟಿ ಹಿಡಿದು 'ಬೇರೆ ವಾಹನವೇ ಇರಲಿಲ್ಲ' ಎಂದು ವಾದಿಸುತ್ತಾರೆ. 'ಅಪರಿಚಿತ ವಾಹನ ಡಿಕ್ಕಿ ಹೊಡೆದು ಹೋಗಿದೆ' ಎಂದು ಸ್ಪಷ್ಟವಾಗಿ ಹೇಳಿ, ಹಾಗೇ ಬರೆದಿದ್ದಾರೆಯೇ ಎಂದು ನೋಡಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಎಂಬ ಆಸ್ಪತ್ರೆಯ ದಾಖಲೆ) ಮಾಡಿಸಿ. ಸಂಜೆ ಹೋಗಿ ತಿದ್ದಿಸುವುದಕ್ಕಿಂತ ಆಗಲೇ ನೋಡಿಕೊಳ್ಳುವುದು ಸುಲಭ. ತಿದ್ದಿದ ಚೀಟಿಯ ಮೇಲೆ ಅನುಮಾನ ಹುಟ್ಟುತ್ತದೆ.

2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ವಾಹನ ಪತ್ತೆಯಾಗದಿದ್ದರೂ ಇದು ಅನ್ವಯ. ಪೊಲೀಸರ ದೃಢೀಕರಣ ಬೇಕಾದ್ದರಿಂದ ಠಾಣೆಗೆ ತಿಳಿಸುವುದನ್ನು ಮುಂದೂಡಬೇಡಿ. ಗಾಯಾಳುವನ್ನು ಕರೆತಂದ ದಾರಿಹೋಕರನ್ನು ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಆದರೂ ನೋಡಿದ್ದನ್ನು ಹೇಳಲು ಒಪ್ಪುವವರಿದ್ದರೆ ಫೋನ್ ನಂಬರ್ ತೆಗೆದುಕೊಳ್ಳಿ.

ಠಾಣೆ

ಮಂಗಳೂರು ನಗರ ಕಮಿಷನರೇಟಿನಲ್ಲಿ ಅಪಘಾತದ ಕೇಸು ದಾಖಲಾಗುವುದು ಸಂಚಾರ ಠಾಣೆಗಳಲ್ಲಿ: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕಿವೆ. ಉಡುಪಿ, ಕುಂದಾಪುರ, ಬಂಟ್ವಾಳ, ಪುತ್ತೂರಿನಲ್ಲೂ ಸಂಚಾರ ಠಾಣೆ ಇದೆ. ಪಡುಬಿದ್ರಿ, ಕಾಪು, ಬ್ರಹ್ಮಾವರ, ಕೋಟದಂಥ ಕಡೆ ಆಯಾ ಊರಿನ ಠಾಣೆಯೇ. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಸುತ್ತಾಡಿಸುವ ಹಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವ್ಯಾಪ್ತಿ ಯಾವುದೇ ಇರಲಿ ದೂರು ತೆಗೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ದೂರನ್ನು ನೀವೇ ಬರೆದುಕೊಂಡು ಹೋಗಿ. ಠಾಣೆಯ ರೈಟರ್ ಬರೆದರೆ ಅವರ ಅಭ್ಯಾಸದ ಮಾತುಗಳೇ ಬರುತ್ತವೆ, ನಿಮ್ಮ ವಿವರ ಕೈಬಿಡುತ್ತದೆ. ಮಾದರಿ ಹೀಗೆ:

'ದಿನಾಂಕ … ರಂದು ರಾತ್ರಿ ಸುಮಾರು 9.40 ಗಂಟೆಗೆ ನಾನು ನನ್ನ ಕಾರು ನಂಬ್ರ … ಅನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರು ಕಡೆಯಿಂದ ಉಡುಪಿ ಕಡೆಗೆ ಚಲಾಯಿಸಿಕೊಂಡು ಹೋಗುತ್ತಾ … ಎಂಬಲ್ಲಿಗೆ ತಲುಪಿದಾಗ, ಹಿಂದಿನಿಂದ ಬಂದ ಬಿಳಿ ಬಣ್ಣದ ಪಿಕಪ್ ವಾಹನವನ್ನು ಅದರ ಚಾಲಕ ಅತಿವೇಗ ಹಾಗೂ ನಿರ್ಲಕ್ಷ್ಯತನದಿಂದ ಚಲಾಯಿಸಿ ನನ್ನ ಕಾರಿನ ಹಿಂಬದಿಯ ಬಲಭಾಗಕ್ಕೆ ಡಿಕ್ಕಿ ಹೊಡೆದು, ವಾಹನ ನಿಲ್ಲಿಸದೆ ಉಡುಪಿ ಕಡೆಗೆ ಪರಾರಿಯಾಗಿರುತ್ತಾನೆ. ವಾಹನದ ನಂಬ್ರ ಪೂರ್ತಿಯಾಗಿ ಕಂಡಿರುವುದಿಲ್ಲ, ಕೊನೆಯ ಎರಡು ಅಂಕೆ 47 ಎಂದು ಕಂಡಿರುತ್ತದೆ. ನನ್ನ ಪತ್ನಿಯ ಬಲಗೈಗೆ ಗಾಯವಾಗಿದ್ದು … ಆಸ್ಪತ್ರೆಯಲ್ಲಿ ದಾಖಲಿಸಲಾಗಿದೆ. ಸ್ಥಳದ ಹತ್ತಿರ ಪೆಟ್ರೋಲ್ ಬಂಕಿನ ಸಿಸಿಟಿವಿ ಇರುತ್ತದೆ. ವಾಹನ ಪತ್ತೆ ಮಾಡಿ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ನಂಬರ್ ಅರ್ಧ ಕಂಡಿದ್ದರೆ ಅರ್ಧವನ್ನೇ ಬರೆಯಿರಿ, ಊಹಿಸಿ ತುಂಬಿಸಬೇಡಿ. ತಪ್ಪು ನಂಬರ್ ಬರೆದು ಆಮೇಲೆ ಸರಿಯಾದದ್ದು ಸಿಕ್ಕಿದರೆ ಎರಡನೇ ನಂಬರನ್ನು ನ್ಯಾಯಮಂಡಳಿ ನಂಬುವುದು ಕಷ್ಟ. ದೂರು ಕೊಡುವುದು ಎರಡು ದಿನ ತಡವಾದರೆ ಯಾಕೆ ತಡವಾಯಿತು ಎಂಬುದೂ ದೂರಿನೊಳಗೇ ಇರಲಿ.

ಗಾಯವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂ, ಸಾವಾದರೆ 106(1), ಜೊತೆಗೆ ನಿಲ್ಲದೆ ಹೋದದ್ದಕ್ಕೆ ಮೋಟಾರು ವಾಹನ ಕಾಯ್ದೆಯ 134 ಹಾಗೂ 187 ಬರಬೇಕು. ಎಫ್‌ಐಆರ್‌ನಲ್ಲಿ 134 ಬಿಟ್ಟುಹೋಗಿದ್ದರೆ ಕೇಳಿ ಸೇರಿಸಿಸಿ. ಗುದ್ದಿ ಓಡಿದವನಿಗೆ ಹತ್ತು ವರ್ಷ ಜೈಲು ಎಂದು ವಾಟ್ಸಾಪಿನಲ್ಲಿ ಓಡಾಡುವುದು 106(2)ರ ಮಾತು. 2024ರ ಜುಲೈ 1ರಂದು ಉಳಿದ ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು, ಅದನ್ನು ಹಿಡಿದುಕೊಂಡು ಠಾಣೆಯಲ್ಲಿ ವಾದಿಸಿ ಪ್ರಯೋಜನವಿಲ್ಲ.

ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಮನೆ ಮುಂದೆ ನಿಲ್ಲಿಸಿದ ಕಾರಿಗೆ ಯಾರೋ ರಾತ್ರಿ ತಾಗಿಸಿ ಹೋದಂಥ, ಯಾರಿಗೂ ಗಾಯವಾಗದ ಪ್ರಕರಣದಲ್ಲಿ ಪೊಲೀಸರು ಸಾಮಾನ್ಯವಾಗಿ ಎಫ್‌ಐಆರ್ ಮಾಡುವುದಿಲ್ಲ. ಆಗ ಜಗಳ ಬೇಡ, ಠಾಣಾ ದಿನಚರಿಯಲ್ಲಿ ನಮೂದು ಮಾಡಿಸಿ ನಂಬರ್ ಮತ್ತು ಸೀಲ್ ಇರುವ ಹಿಂಬರಹ ತೆಗೆದುಕೊಳ್ಳಿ. ಸ್ವಂತ ಜಖಂಗೆ ವಿಮೆ ಕೇಳಲು ಸಾಮಾನ್ಯವಾಗಿ ಅಷ್ಟು ಸಾಕು. ಗಾಯದ ಪ್ರಕರಣದಲ್ಲೂ ದೂರು ದಾಖಲಿಸದಿದ್ದರೆ ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ, ಉಳಿದೆಡೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೂರು ಕಳಿಸಿ. ಅದಕ್ಕೂ ಕದಲದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ.

ಕ್ಯಾಮರಾ ಹುಡುಕುವುದು

ಅಂಗಡಿಗಳಲ್ಲಿ ಸಿಸಿಟಿವಿ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಚಿಕ್ಕ ಡಿಸ್ಕಾದರೆ ಒಂದು ವಾರವೂ ಉಳಿಯುವುದಿಲ್ಲ. ತನಿಖಾಧಿಕಾರಿಯ ಕೈಯಲ್ಲಿ ಹತ್ತು ಕೇಸುಗಳಿರುತ್ತವೆ, ನಿಮ್ಮ ಕ್ಯಾಮರಾದ ಪಟ್ಟಿ ನೀವೇ ಮಾಡಿಕೊಡಿ. ವಾಹನ ಓಡಿದ ದಿಕ್ಕಿನಲ್ಲಿ ನಡೆದುಕೊಂಡು ಹೋಗಿ: ಬಂಕು, ಬ್ಯಾಂಕಿನ ಎಟಿಎಂ, ಚಿನ್ನದಂಗಡಿ, ಬಾರು, ಶೋರೂಮು, ದೇವಸ್ಥಾನ, ಮಸೀದಿ, ಚರ್ಚಿನ ಗೇಟು. ಪ್ರತಿಯೊಂದಕ್ಕೂ ಅಂಗಡಿ ಹೆಸರು, ಕ್ಯಾಮರಾ ಯಾವ ಕಡೆ ಮುಖ ಮಾಡಿದೆ, ಡಿವಿಆರ್ ಗಡಿಯಾರ ಮೊಬೈಲಿಗಿಂತ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಎಂದು ಬರೆದುಕೊಳ್ಳಿ. ಈ ಕೊನೆಯದನ್ನು ಬಿಟ್ಟರೆ 9.40ರ ಅಪಘಾತ ಒಂದು ಕ್ಯಾಮರಾದಲ್ಲಿ 9.22ಕ್ಕೆ, ಇನ್ನೊಂದರಲ್ಲಿ 10.05ಕ್ಕೆ ಇರುತ್ತದೆ, ಹುಡುಕುವವರು 'ಏನೂ ಕಾಣಲಿಲ್ಲ' ಎಂದು ಎದ್ದು ಬರುತ್ತಾರೆ. ಮಾಲೀಕರಿಗೆ ಅಳಿಸದಂತೆ ಹೇಳಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಸುಳಿವಿಗೆ ಸಾಕು, ಕೋರ್ಟಿಗೆ ಸಾಲದು. ಅಸಲು ತುಣುಕನ್ನು ಪೊಲೀಸರೇ ಪಡೆದು, ಡಿಜಿಟಲ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಮಾಡಿಸಬೇಕು.

ಹೆದ್ದಾರಿಯಲ್ಲಿ ಟೋಲ್ ಪ್ಲಾಜಾ ದೊಡ್ಡ ಆಸರೆ. ತಲಪಾಡಿ, ಹೆಜಮಾಡಿ, ಸಾಸ್ತಾನ, ಬೆಂಗಳೂರು ಕಡೆಯದಾದರೆ ಬ್ರಹ್ಮರಕೂಟ್ಲು. ಅಲ್ಲಿ ಕ್ಯಾಮರಾವೂ ಇದೆ, ಫಾಸ್ಟ್ಯಾಗ್ ದಾಖಲೆಯೂ ಇದೆ. ಅಪಘಾತದ ಜಾಗದಿಂದ ಟೋಲಿಗೆ ಎಷ್ಟು ನಿಮಿಷದ ದಾರಿ ಎಂದು ಲೆಕ್ಕ ಹಾಕಿ, ಆ ಹೊತ್ತಿನ ವಾಹನಗಳ ಪಟ್ಟಿ ಕೇಳುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೊಡಿ. ನಿಮಗೆ ಟೋಲಿನವರು ಕೊಡುವುದಿಲ್ಲ, ಪೊಲೀಸರ ಪತ್ರಕ್ಕೆ ಕೊಡುತ್ತಾರೆ. ಸುರತ್ಕಲ್ ಟೋಲ್ 2022ರ ಡಿಸೆಂಬರಿನಲ್ಲಿ ನಿಂತಿರುವುದರಿಂದ ಮಂಗಳೂರಿನಿಂದ ಉತ್ತರಕ್ಕೆ ಓಡಿದ ವಾಹನ ಮೂಲ್ಕಿಯಲ್ಲಿ ಕಿನ್ನಿಗೋಳಿ ಕಡೆ ತಿರುಗಿದರೆ ಯಾವ ಟೋಲೂ ತಾಗುವುದಿಲ್ಲ, ಆಗ ಒಳರಸ್ತೆಯ ಅಂಗಡಿಗಳೇ ಗತಿ.

ನಿಮ್ಮ ಸ್ವಂತ ವಿಮೆ

ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿಮ್ಮ ಕಾರಿನ ರಿಪೇರಿಗೆ ನಿಮ್ಮ ಕಂಪನಿಯಿಂದ ಏನೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಗುದ್ದಿದವನ ನಂಬರ್ ಇಲ್ಲದಿದ್ದರೂ ಕ್ಲೇಮ್ ಆಗುತ್ತದೆ. ಆದರೆ ಕ್ಲೇಮ್ ಮಾಡುವುದು ಲಾಭವೇ ಎಂದು ಮೊದಲು ಲೆಕ್ಕ ಹಾಕಿ, ಏಕೆಂದರೆ ತಪ್ಪು ಯಾರದ್ದೇ ಆಗಿರಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮ್ಮದೇ ಹೋಗುತ್ತದೆ.

ಒಂದು ಉದಾಹರಣೆ. 1500 ಸಿಸಿಗಿಂತ ಕಡಿಮೆಯ ಕಾರು, ಬಂಪರ್ 6,000, ಪೇಂಟಿಂಗ್ 4,000, ಲೇಬರ್ 1,500, ಒಟ್ಟು 11,500 ರೂಪಾಯಿ. ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ (ಹಳತಾದ ಲೆಕ್ಕದಲ್ಲಿ ಕಳೆಯುವ ಮೊತ್ತ), ಅಂದರೆ ಬಂಪರಿಗೆ ಸಿಗುವುದು 3,000. ಪೇಂಟಿಂಗಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ, ಉಳಿಯುವುದು 3,500. ಲೇಬರ್ ಪೂರ್ತಿ. ಒಟ್ಟು 8,000ದಲ್ಲಿ ಕಡ್ಡಾಯ ಕಡಿತ 1,000 ಹೋಗಿ ನಿಮಗೆ ಬರುವುದು 7,000. ಈಗ ಬೋನಸ್: ಸ್ವಂತ ಜಖಂನ ಪ್ರೀಮಿಯಂ ರಿಯಾಯಿತಿಗೆ ಮೊದಲು 10,000, ಈ ವರ್ಷ 45 ಶೇಕಡಾ ಬೋನಸ್ ಇದೆ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದಿಂದ 50. ಮಾಡಿದರೆ ಸೊನ್ನೆ, ಆಮೇಲೆ 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ನಷ್ಟ 5,000, 3,000, 2,500, 1,500, 500, ಕೂಡಿದರೆ 12,500. ಕಾರು ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ, ಆದರೂ 7,000ಕ್ಕಾಗಿ ಇಷ್ಟು ಕಳೆದುಕೊಳ್ಳುವುದು ಬುದ್ಧಿಯಲ್ಲ. ಬೋನಸ್ ರಕ್ಷಣೆಯ ಆಡ್-ಆನ್ ಇದ್ದರೆ ಲೆಕ್ಕ ಬೇರೆ. ಬಂಪರ್ ಟು ಬಂಪರ್ ಪಾಲಿಸಿಯಾದರೆ ಸವಕಳಿ ಕಳೆಯುವುದಿಲ್ಲ, ಬೋನಸ್ ಮಾತ್ರ ಹೋಗುತ್ತದೆ.

ಕ್ಲೇಮ್ ಮಾಡುವುದೆಂದು ತೀರ್ಮಾನಿಸಿದರೆ ಸರ್ವೇ ಆಗುವ ತನಕ ಗ್ಯಾರೇಜಿನವರಿಗೆ ಒಂದು ಸ್ಕ್ರೂ ಕೂಡ ಬಿಚ್ಚಲು ಬಿಡಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) 2024ರ ಸುತ್ತೋಲೆಯಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ. ಗಾಯದ ಪ್ರಕರಣದಲ್ಲಿ ನಿಮ್ಮ ಕಾರನ್ನೂ ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಠಾಣೆಯಲ್ಲಿ ನಿಲ್ಲಿಸಿಕೊಳ್ಳಬಹುದು. ಅದನ್ನು ಕಂಪನಿಗೆ ತಿಳಿಸಿ, ಬಿಡಿಸಿಕೊಂಡ ಮೇಲೆ ಆ ನಿರೀಕ್ಷಕರ ವರದಿಯ (ಐಎಂವಿ ವರದಿ) ಪ್ರತಿ ತೆಗೆದುಕೊಳ್ಳಿ.

ಕ್ಲೇಮ್ ಫಾರ್ಮಿನಲ್ಲಿ ಘಟನೆಯ ವಿವರ ದೂರಿನ ನಕಲನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. ಹೊತ್ತು, ಜಾಗ, ಯಾರು ಓಡಿಸುತ್ತಿದ್ದರು ಎಂಬುದು ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲೇ ಫೈಲು ನಿಲ್ಲುತ್ತದೆ. ಮಗನಿಗೆ ಲೈಸೆನ್ಸ್ ಇಲ್ಲ ಎಂದು ಅಪ್ಪನ ಹೆಸರು ಹಾಕುವುದು ವಂಚನೆ. ಸಿಸಿಟಿವಿ ಬಂದಾಗ ಕ್ಲೇಮೂ ಹೋಗುತ್ತದೆ, ಕೇಸೂ ಬರುತ್ತದೆ. ಎಡಬದಿಯ ಹಳೆಯ ಗೀರನ್ನು ಇದೇ ಕ್ಲೇಮಿಗೆ ಸೇರಿಸುವ ಆಸೆಯೂ ಬೇಡ. ತುಕ್ಕು ಮತ್ತು ಕೆಸರಿನ ಪದರ ನೋಡಿದ ಕೂಡಲೇ ಸರ್ವೇಯರಿಗೆ ಗೊತ್ತಾಗುತ್ತದೆ, ಹೊಸ ಪೆಟ್ಟಿನ ಮೇಲೂ ಅನುಮಾನ ಬರುತ್ತದೆ.

ಸಾವು ಅಥವಾ ಶಾಶ್ವತ ಅಂಗವೈಕಲ್ಯವಾಗಿದ್ದರೆ ಪಾಲಿಸಿಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಮೊತ್ತ 15 ಲಕ್ಷ. ನಂಬರ್ ಸಿಗದ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಹಣ ಇದೇ, ಮನೆಯವರು ಮರೆಯುವುದೂ ಇದನ್ನೇ. ಓಡಿಸುತ್ತಿದ್ದವರು ಆರ್‌ಸಿ ಮಾಲೀಕರೇ ಆಗಿದ್ದು ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷವೂ ಬರುತ್ತದೆ. ಇವೆರಡನ್ನೂ ಪಡೆದರೆ ಸರ್ಕಾರದ ಪರಿಹಾರಕ್ಕೆ ಅಡ್ಡಿಯಿಲ್ಲ.

ನಂಬರ್ ಸಿಕ್ಕಿದರೆ

ಚಾಲಕ ಸಿಗದಿದ್ದರೂ ಪರವಾಗಿಲ್ಲ, ವಾಹನ ಗೊತ್ತಾದರೆ ಸಾಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ ಯಾವ ತಾರೀಕಿನ ತನಕ ಇದೆ ಎಂದು ಕಾಣುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆಯಲ್ಲಿ ಹೇಳಿರುವ ಅವಧಿ ಅಪಘಾತದ ದಿನದಿಂದ 6 ತಿಂಗಳು. ಅಪಘಾತ ನಡೆದ ಜಾಗದಲ್ಲಿ ಅಥವಾ ನೀವು ವಾಸವಿರುವ ಜಾಗದಲ್ಲಿ ಹಾಕಬಹುದು. ಗುದ್ದಿದ್ದು ಕಾಸರಗೋಡಿನ ವಾಹನವಾದರೂ ಮಂಗಳೂರಿನಲ್ಲೇ ಕೇಸು ನಡೆಸಬಹುದು. ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಲ್ಲದೆ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿಯೂ ಇದೆ, ಆದರೆ ಅದನ್ನು ಹಿಡಿದರೆ ತಪ್ಪು ಸಾಬೀತು ಮಾಡಿ ಕೇಳುವ 166ನೇ ಕಲಮಿನ ಹೆಚ್ಚಿನ ಪರಿಹಾರದ ದಾರಿ ಮುಚ್ಚುತ್ತದೆ. ದುಡಿಯುವ ವಯಸ್ಸಿನವರಾದರೆ ವಕೀಲರನ್ನು ಕೇಳದೆ 164ಕ್ಕೆ ಸಹಿ ಹಾಕಬೇಡಿ.

ನಂಬರ್ ಸಿಗದ ಪ್ರಕರಣದಲ್ಲಿ 'ವಿಮೆ ಇರುವ ಒಂದು ಗಾಡಿ ಹೊಂದಿಸಿ ಕೊಡುತ್ತೇವೆ' ಎಂದು ಬರುವವರಿದ್ದಾರೆ. ಇದು ನೇರ ಅಪರಾಧ, ಅರ್ಜಿದಾರರಾಗಿ ಸಹಿ ಹಾಕಿದವರು ನೀವೇ ಆಗಿರುತ್ತೀರಿ.

ನಂಬರ್ ಸಿಗದೇ ಹೋದರೆ

2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಠಾಣಾಧಿಕಾರಿ ಮೊದಲೇ ಹೇಳಿದ 2 ಲಕ್ಷ, 50 ಸಾವಿರದ ಸರ್ಕಾರಿ ಪರಿಹಾರ ಯೋಜನೆಯ ಬಗ್ಗೆ ನಿಮಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ನೀವೇ ಹೋಗಿ ಕೇಳಿ. 'ಸಿ' ವರದಿ, ಅಂದರೆ ಪತ್ತೆಯಾಗದ ಪ್ರಕರಣ ಎಂಬ ವರದಿ ಕೋರ್ಟಿಗೆ ಸಲ್ಲಿಕೆಯಾಗಿದ್ದರೆ ಅದರ ಪ್ರತಿಯನ್ನೂ ತೆಗೆದಿಡಿ.

ಅರ್ಜಿ ಹಾಕುವುದು ಅಪಘಾತ ನಡೆದ ತಾಲೂಕಿನ ಕ್ಲೇಮ್ ವಿಚಾರಣಾಧಿಕಾರಿಗೆ, ಅಂದರೆ ತಹಶೀಲ್ದಾರ್ ಅಥವಾ ಉಪವಿಭಾಗದ ಅಧಿಕಾರಿಯಾದ ಸಹಾಯಕ ಆಯುಕ್ತರಿಗೆ. ನೀವು ಮಂಗಳೂರಿನವರಾಗಿದ್ದು ಅಪಘಾತ ಪಡುಬಿದ್ರಿಯಲ್ಲಿ ಆಗಿದ್ದರೆ ಕಾಪು ತಾಲೂಕು. ಉಡುಪಿ ಜಿಲ್ಲೆಯ ಸಹಾಯಕ ಆಯುಕ್ತರ ಕಚೇರಿ ಕುಂದಾಪುರದಲ್ಲಿದೆ ಎಂಬುದು ನೆನಪಿರಲಿ. 2022ರ ಈ ಪರಿಹಾರ ಯೋಜನೆಯ ನಮೂನೆ 1, ಎಫ್‌ಐಆರ್, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ವರದಿ, ಗುರುತಿನ ಚೀಟಿಗಳು, ಆಸ್ಪತ್ರೆ ಬಿಲ್ಲು, ಪಾಸ್‌ಬುಕ್ಕಿನ ಪ್ರತಿ ಬೇಕು. ಮುಂದೆ ವಾಹನ ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಹಣ ಮರಳಿಸುತ್ತೇವೆ ಎಂಬ ಮುಚ್ಚಳಿಕೆಯೂ. ಗಾಯದ ಪ್ರಮಾಣಪತ್ರದಲ್ಲಿ 'ತೀವ್ರ' ಎಂದಿರಬೇಕು. ಎಲುಬು ಮುರಿದರೆ, ಹಲ್ಲು ಹೋದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಎಕ್ಸ್-ರೇ ನೋಡುವ ಮೊದಲೇ 'ಸಾಮಾನ್ಯ' ಎಂದು ಬರೆದಿದ್ದರೆ ವರದಿ ತೋರಿಸಿ ಅಂತಿಮ ಅಭಿಪ್ರಾಯ ಬರೆಸಿಕೊಳ್ಳಿ. ವಿಚಾರಣಾ ವರದಿ ಒಂದು ತಿಂಗಳಲ್ಲಿ, ಜಿಲ್ಲಾಧಿಕಾರಿ ಹಂತದ ಮಂಜೂರಾತಿ 15 ದಿನದಲ್ಲಿ, ಆಮೇಲೆ ಜನರಲ್ ಇನ್ಶೂರೆನ್ಸ್ ಕೌನ್ಸಿಲಿನಿಂದ ಖಾತೆಗೆ ಹಣ ಮತ್ತೆ 15 ದಿನದಲ್ಲಿ. ಹೆಚ್ಚಿನ ತಹಶೀಲ್ದಾರ್ ಕಚೇರಿಗಳಿಗೆ ಇದು ಅಪರೂಪದ ಅರ್ಜಿ, ಯೋಜನೆಯ ಪ್ರತಿಯನ್ನು ಜೊತೆಗೇ ಲಗತ್ತಿಸಿ ಸ್ವೀಕೃತಿ ಪಡೆಯಿರಿ.

ವಿಮಾ ಕಂಪನಿ ನಿರಾಕರಿಸಿದರೆ

ಫೋನಿನಲ್ಲಿ ಹೇಳಿದ 'ಆಗುವುದಿಲ್ಲ' ಲೆಕ್ಕಕ್ಕಿಲ್ಲ. ಯಾವ ಷರತ್ತಿನ ಪ್ರಕಾರ ಆಗುವುದಿಲ್ಲ ಎಂದು ಪತ್ರ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ ಸಹಾಯವಾಣಿ 155255ರಲ್ಲಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಅದು ಬೇಡವೆಂದರೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ, ಅಲ್ಲಿ ಅವಧಿ 2 ವರ್ಷ.